ಸುಟ್ಟ ಗಾಯಕ್ಕೆ ಮೊದಲ ಮದ್ದು ತಣ್ಣೀರು



ಒಲೆ ಹೊತ್ತದ ಮನೆಯಿಲ್ಲ. ಒಲೆ ಇದ್ದ ಮನೆಯಲ್ಲಿ ಒಂದಲ್ಲ ಒಂದು ದಿನ ಕೈ ಸುಡುವುದೂ ತಪ್ಪಿದ್ದಲ್ಲ. ರೊಟ್ಟಿ ಬೇಯಿಸುವಾಗ ಹಂಚು ತಾಗುತ್ತದೆ. ಕುಕ್ಕರಿನ ಹಬೆ ಮುಂಗೈಗೆ ಬಡಿಯುತ್ತದೆ. ಹೋಳಿಗೆಯ ಹೂರಣ ತಿರುವುವಾಗ ಬಿಸಿ ಬೆಲ್ಲ ಸಿಡಿಯುತ್ತದೆ. ಮಗು ಚಹಾದ ಕಪ್ಪು ಎಳೆದುಕೊಳ್ಳುತ್ತದೆ. ಬೈಕಿನಿಂದ ಇಳಿಯುವಾಗ ಸೈಲೆನ್ಸರ್ ಮೀನಖಂಡಕ್ಕೆ ತಗಲುತ್ತದೆ. ಇಂಥ ಗಾಯಗಳಲ್ಲಿ ಹೆಚ್ಚಿನವು ಸಣ್ಣವು. ಸರಿಯಾಗಿ ನೋಡಿಕೊಂಡರೆ ಕಲೆ ಕೂಡ ಉಳಿಯದಂತೆ ಮಾಯುತ್ತವೆ. ಮೊದಲ ಅರ್ಧ ಗಂಟೆಯಲ್ಲಿ ತಪ್ಪು ಮಾಡಿದರೆ ಮಾತ್ರ ಸಣ್ಣ ಗಾಯವೇ ಆಳವಾಗಿ, ಕೀವು ತುಂಬಿ, ತಿಂಗಳುಗಟ್ಟಲೆ ಕಾಡುತ್ತದೆ.

ಭಾರತದಲ್ಲಿ ಪ್ರತಿ ವರ್ಷ 10 ಲಕ್ಷಕ್ಕೂ ಹೆಚ್ಚು ಜನರಿಗೆ ಸಾಧಾರಣ ಇಲ್ಲವೇ ತೀವ್ರ ಸುಟ್ಟ ಗಾಯಗಳಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇವುಗಳಲ್ಲಿ ಬಹಳಷ್ಟು ಮನೆಯ ಅಡುಗೆಮನೆಯಲ್ಲೇ ಆಗುವಂಥವು. ವೈದ್ಯರು ಅಲ್ಲಿರುವುದಿಲ್ಲ, ಇರುವವರು ನೀವು. ಆದ್ದರಿಂದ ಈ ಪಾಠವನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು.

ಸುಟ್ಟಾಗ ಚರ್ಮದೊಳಗೆ ಏನಾಗುತ್ತದೆ?

ನಮ್ಮ ಚರ್ಮಕ್ಕೆ ಎರಡು ಮುಖ್ಯ ಪದರಗಳಿವೆ. ಮೇಲಿನದು ತೆಳುವಾದ ಹೊರಚರ್ಮ. ಅದರ ಕೆಳಗೆ ದಪ್ಪವಾದ ಒಳಚರ್ಮ. ರಕ್ತನಾಳ, ನೋವು ತಿಳಿಸುವ ನರ, ಬೆವರಿನ ಗ್ರಂಥಿ, ಕೂದಲಿನ ಬೇರು ಎಲ್ಲ ಇರುವುದು ಒಳಚರ್ಮದಲ್ಲಿ. ಚರ್ಮ ನಮ್ಮ ದೇಹದ ನೀರನ್ನು ಒಳಗೆ ಹಿಡಿದಿಡುತ್ತದೆ, ರೋಗಾಣುಗಳನ್ನು ಹೊರಗೆ ತಡೆಯುತ್ತದೆ. ಸುಟ್ಟಾಗ ಈ ಎರಡೂ ಕೆಲಸ ಕೆಡುತ್ತವೆ.

ಒಲೆಯಿಂದ ಇಳಿಸಿದ ಅನ್ನದ ಪಾತ್ರೆ ಕೂಡಲೇ ಆರುವುದಿಲ್ಲ. ಒಳಗಿನ ಅನ್ನ ಬೇಯುತ್ತಲೇ ಇರುತ್ತದೆ. ಸುಟ್ಟ ಚರ್ಮವೂ ಹಾಗೆಯೇ. ಹಂಚಿನಿಂದ ಕೈ ತೆಗೆದ ಮೇಲೂ ಚರ್ಮದಲ್ಲಿ ಉಳಿದ ಬಿಸಿ ಕೆಳಗಿನ ಪದರಕ್ಕೆ ಇಳಿಯುತ್ತ ಹೋಗುತ್ತದೆ. ಆ ಬಿಸಿಯನ್ನು ಹೊರಗೆ ಎಳೆಯುವುದೇ ಪ್ರಥಮ ಚಿಕಿತ್ಸೆ. ಅದಕ್ಕೆ ನೀರಿಗಿಂತ ಒಳ್ಳೆಯ ವಸ್ತು ಮನೆಯಲ್ಲಿ ಇನ್ನೊಂದಿಲ್ಲ.

ಎಷ್ಟು ಬಿಸಿ ಸುಡುತ್ತದೆ ಎಂಬುದನ್ನೂ ತಿಳಿದಿರಿ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. ಆಗಷ್ಟೇ ಸೋಸಿದ ಚಹಾ ಇದಕ್ಕಿಂತ ಬಿಸಿ. ಮಕ್ಕಳ ಹಾಗೂ ವಯಸ್ಸಾದವರ ಚರ್ಮ ತೆಳು. ಅವರಿಗೆ ಇನ್ನೂ ಬೇಗ ಸುಡುತ್ತದೆ.

ಪ್ರಥಮ ಚಿಕಿತ್ಸೆ: ಆರು ಹೆಜ್ಜೆಗಳು

1. ಸುಡುವ ವಸ್ತುವಿನಿಂದ ದೂರ ಸರಿಸಿ. ಗ್ಯಾಸ್ ಆರಿಸಿ. ಬಿಸಿ ನೀರು, ಸಾರು, ಚಹಾ ಬಿದ್ದ ಬಟ್ಟೆಯನ್ನು ಕೂಡಲೇ ತೆಗೆಯಿರಿ. ಒದ್ದೆ ಬಟ್ಟೆ ಬಿಸಿಯನ್ನು ಮೈಗೆ ಅಂಟಿಸಿ ಹಿಡಿಯುತ್ತದೆ. ಮಕ್ಕಳ ಚಡ್ಡಿ, ಡಯಾಪರ್ ಮರೆಯಬೇಡಿ. ಬಟ್ಟೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಎಳೆಯಬಾರದು. ಸುತ್ತಲಿನದನ್ನು ಕತ್ತರಿಸಿ, ಅಂಟಿದ್ದನ್ನು ಹಾಗೆಯೇ ಬಿಟ್ಟು ನೀರು ಹಾಕಿ.

2. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಎರಡು ನಿಮಿಷದಲ್ಲಿ ಉರಿ ಕಡಿಮೆಯಾಯಿತೆಂದು ಬಿಡುವವರೇ ಹೆಚ್ಚು. ಗಡಿಯಾರ ನೋಡಿಕೊಂಡು ಪೂರ್ತಿ 20 ನಿಮಿಷ ಮಾಡಿ. ಸುಟ್ಟ ಕೂಡಲೇ ಮಾಡುವುದು ಉತ್ತಮ. ತಡವಾಗಿದ್ದರೆ, ಸುಟ್ಟು 3 ಗಂಟೆಯ ಒಳಗೆ ಮಾಡಿದರೂ ಪ್ರಯೋಜನವಿದೆ.

3. ನೀರು ಹಾಕುತ್ತಿರುವಾಗಲೇ ಉಂಗುರ, ಬಳೆ, ಕಾಲುಂಗುರ, ಗೆಜ್ಜೆ, ಕೈಗಡಿಯಾರ, ಉಡಿದಾರ ತೆಗೆಯಿರಿ. ಸ್ವಲ್ಪ ಹೊತ್ತಿಗೆ ಊತ ಬರುತ್ತದೆ. ಊದಿದ ಬೆರಳಿನಲ್ಲಿ ಉಂಗುರ ಸಿಕ್ಕಿಕೊಂಡರೆ ರಕ್ತ ಓಡಾಡದೆ ಬೆರಳಿಗೇ ಅಪಾಯ. ಕತ್ತು, ಎದೆಯ ಭಾಗ ಸುಟ್ಟಿದ್ದರೆ ತಾಳಿ, ಸರ, ಶಿವದಾರವನ್ನೂ ಸರಿಸಬೇಕಾಗುತ್ತದೆ. ಬೆಳ್ಳಿ ಬಹಳ ಬೇಗ ಕಾಯುವ ಲೋಹ. ಬಿಸಿ ನೀರು ಬಿದ್ದ ಬೆಳ್ಳಿಯ ಕರಡಿಗೆ ಚರ್ಮಕ್ಕೆ ಒತ್ತಿಕೊಂಡಿದ್ದರೆ ಅಲ್ಲಿ ಗಾಯ ಇನ್ನೂ ಆಳವಾಗುತ್ತದೆ. ಲಿಂಗವನ್ನು ಸುಡದ ಕೈಯಲ್ಲಿ ಹಿಡಿದುಕೊಳ್ಳಲಿ, ಇಲ್ಲವೆ ಮನೆಯವರು ಗೌರವದಿಂದ ತೆಗೆದಿಡಲಿ. ಇದರಲ್ಲಿ ಸಂಕೋಚ ಬೇಡ.

4. ಗಾಯವನ್ನು ಸಡಿಲವಾಗಿ ಮುಚ್ಚಿ. ಒಗೆದು ಒಣಗಿಸಿದ, ನೂಲು ಬಿಡದ ಹತ್ತಿಬಟ್ಟೆಯ ತುಂಡು ಸಾಕು. ಔಷಧಿ ಅಂಗಡಿಯ ಗಾಜ್ ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು. ಹತ್ತಿಯನ್ನು ನೇರವಾಗಿ ಇಡಬೇಡಿ. ಅದರ ಎಳೆ ಗಾಯಕ್ಕೆ ಅಂಟುತ್ತದೆ. ಬಿಗಿಯಾಗಿ ಕಟ್ಟಬೇಡಿ.

5. ಕೈ ಅಥವಾ ಕಾಲು ಸುಟ್ಟಿದ್ದರೆ ದಿಂಬಿನ ಮೇಲೆ ಎತ್ತರದಲ್ಲಿ ಇಡಿ. ಊತ, ನೋವು ಎರಡೂ ಕಡಿಮೆಯಾಗುತ್ತವೆ.

6. ನೋವಿಗೆ ದೊಡ್ಡವರು ಪ್ಯಾರಾಸಿಟಮಾಲ್ 500 ಮಿಲಿಗ್ರಾಂನ ಒಂದು ಮಾತ್ರೆ ತೆಗೆದುಕೊಳ್ಳಬಹುದು. ಬೇಕಾದರೆ 6 ಗಂಟೆ ಬಿಟ್ಟು ಇನ್ನೊಂದು. ಲಿವರ್ ಕಾಯಿಲೆ ಇದ್ದವರು ಕೇಳಿ ತೆಗೆದುಕೊಳ್ಳಬೇಕು. ಮಕ್ಕಳಿಗೆ ಎಷ್ಟು ಕೊಡಬೇಕೆಂಬುದು ತೂಕದ ಮೇಲೆ ನಿಲ್ಲುತ್ತದೆ, ವೈದ್ಯರನ್ನು ಕೇಳಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ನೀರಿಗೆ ಬರ ಇದ್ದ ಊರಿನಲ್ಲಿ ಏನು ಮಾಡಬೇಕು?

20 ನಿಮಿಷ ನಲ್ಲಿ ಬಿಡಲು ನಮ್ಮೂರಲ್ಲಿ ನೀರೆಲ್ಲಿ ಎಂದು ಕೇಳುವವರಿದ್ದಾರೆ. ಇದು ನ್ಯಾಯವಾದ ಪ್ರಶ್ನೆ. ಒಂದು ಬಕೆಟ್ ನೀರು ಸಾಕು. ಸುಟ್ಟ ಕೈಯನ್ನು ಪರಾತದ ಮೇಲೆ ಹಿಡಿದು ತಂಬಿಗೆಯಿಂದ ನಿಧಾನವಾಗಿ ನೀರು ಸುರಿಯಿರಿ. ಪರಾತದಲ್ಲಿ ಬಿದ್ದ ಅದೇ ನೀರನ್ನು ಮತ್ತೆ ಮತ್ತೆ ಸುರಿಯಿರಿ. ನೀರು ಬೆಚ್ಚಗಾದರೆ ಬದಲಿಸಿ. ಕೈ, ಕಾಲನ್ನು ಬಕೆಟ್ಟಿನಲ್ಲಿ ಅದ್ದಿ ಕೂಡಬಹುದು. ಅದೂ ಆಗದಿದ್ದರೆ ಶುದ್ಧ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಗಾಯದ ಮೇಲಿಟ್ಟು, ಒಂದೆರಡು ನಿಮಿಷಕ್ಕೊಮ್ಮೆ ಬದಲಿಸುತ್ತಿರಿ.

ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕಾದಿರುತ್ತದೆ. ಮೊದಲು ನಿಮ್ಮ ಕೈಗೆ ಹಾಕಿ ನೋಡಿ. ಅದು ಬಿಸಿಯಿದ್ದರೆ ಮಣ್ಣಿನ ಕೊಡದ ನೀರು ಒಳ್ಳೆಯದು. ಕೊಡದ ನೀರಿನ ತಂಪು ಹಿತವಾದ ತಂಪು. ಸುಟ್ಟ ಚರ್ಮಕ್ಕೆ ಬೇಕಾದದ್ದು ಅಷ್ಟೇ.

ಚಿಕ್ಕ ಮಕ್ಕಳಿಗೆ ನೀರು ಹಾಕುವಾಗ ಒಂದು ಎಚ್ಚರಿಕೆ ಇದೆ. ಸುಟ್ಟ ಜಾಗಕ್ಕೆ ಮಾತ್ರ ನೀರು. ಉಳಿದ ಮೈಯನ್ನು ಒಣ ಬಟ್ಟೆಯಿಂದ ಬೆಚ್ಚಗೆ ಹೊದಿಸಿ. ಮಗು ನಡುಗಿದರೆ ನೀರು ನಿಲ್ಲಿಸಿ, ಹೊದಿಸಿ, ಆಸ್ಪತ್ರೆಗೆ ಹೊರಡಿ.

ಹಚ್ಚಬಾರದ ವಸ್ತುಗಳು ಮತ್ತು ಕಾರಣ

ಸುಟ್ಟ ಕೂಡಲೇ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಪ್ರತಿಯೊಂದನ್ನೂ ವಿಚಾರ ಮಾಡಿ ನೋಡಬೇಕು.

ಟೂತ್‌ಪೇಸ್ಟ್: ಹಚ್ಚಿದಾಗ ತಂಪೆನಿಸುವುದು ಅದರಲ್ಲಿರುವ ಪುದೀನ ಸತ್ವದಿಂದ. ಚರ್ಮದ ಬಿಸಿಯನ್ನು ಅದು ತೆಗೆಯುವುದಿಲ್ಲ. ಅದರೊಳಗಿನ ರಾಸಾಯನಿಕಗಳು ಹಸಿ ಗಾಯವನ್ನು ಕೆರಳಿಸುತ್ತವೆ.

ತುಪ್ಪ, ಬೆಣ್ಣೆ, ಎಣ್ಣೆ: ಜಿಡ್ಡಿನ ಪದರ ಬಿಸಿಯನ್ನು ಒಳಗೇ ಕೂಡಿಹಾಕುತ್ತದೆ.

ಅರಿಶಿಣ, ಕಾಫಿ ಪುಡಿ, ದೋಸೆ ಹಿಟ್ಟು, ಮಸಿ: ಬಣ್ಣ ಹಾಗೂ ಪುಡಿ ಗಾಯವನ್ನು ಮುಚ್ಚಿಬಿಡುತ್ತವೆ. ಗಾಯ ಎಷ್ಟು ಆಳ ಎಂದು ವೈದ್ಯರಿಗೆ ಕಾಣುವುದಿಲ್ಲ. ಅದನ್ನು ತೊಳೆದು ತೆಗೆಯುವಾಗ ರೋಗಿಗೆ ಎರಡನೆಯ ಸಲ ನೋವು.

ಬೂದಿ, ಸೆಗಣಿ, ಮಣ್ಣು: ಇವುಗಳಲ್ಲಿ ಧನುರ್ವಾಯುವಿನ ರೋಗಾಣು ಇರಬಹುದು. ಹಸಿ ಗಾಯಕ್ಕೆ ಇವು ತಗಲಲೇಬಾರದು. ನಂಬಿಕೆಯಿಂದ ವಿಭೂತಿ ಹಚ್ಚುವವರು ಹಣೆಗೆ ಹಚ್ಚಿಕೊಳ್ಳಲಿ, ಗಾಯಕ್ಕೆ ಬೇಡ.

ಮಂಜುಗಡ್ಡೆ: ಅತಿ ತಂಪು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೊದಲೇ ಬೆಂದ ಚರ್ಮಕ್ಕೆ ರಕ್ತ ಸಿಗದೆ ಗಾಯ ಆಳವಾಗುತ್ತದೆ. ಫ್ರಿಜ್ಜಿನ ಐಸ್ ನೀರೂ ಬೇಡ.

ಹಳದಿ ಮುಲಾಮು, ಬಿಳಿ ಕ್ರೀಮ್: ವೈದ್ಯರು ನೋಡುವ ಮೊದಲು ಯಾವ ಮುಲಾಮೂ ಬೇಡ. ಮೊದಲು ನೀರು, ಆಮೇಲೆ ಬಟ್ಟೆ, ಅಷ್ಟೇ.

ಗಾಯ ಎಷ್ಟು ಆಳ? ನೋಡಿ ತಿಳಿಯುವ ಬಗೆ

ಮೇಲುಗಾಯ: ಚರ್ಮ ಕೆಂಪಗಾಗಿ ಉರಿಯುತ್ತದೆ, ಗುಳ್ಳೆ ಇಲ್ಲ. ಸುಮಾರು ಒಂದು ವಾರದೊಳಗೆ ಕಲೆ ಇಲ್ಲದೆ ಮಾಯುತ್ತದೆ.

ನಡುಗಾಯ: ನೀರುಗುಳ್ಳೆ ಏಳುತ್ತದೆ, ಒಳಗೆ ಕೆಂಪಗೆ ತೇವವಾಗಿರುತ್ತದೆ, ಬಹಳ ನೋವು. ಸಣ್ಣದಿದ್ದು ಸ್ವಚ್ಛವಾಗಿದ್ದರೆ ಎರಡು ಮೂರು ವಾರದಲ್ಲಿ ಮಾಯುತ್ತದೆ.

ಆಳಗಾಯ: ಚರ್ಮ ಬೆಳ್ಳಗೆ, ಕಂದು ಅಥವಾ ಕಪ್ಪಾಗಿ ತೊಗಲಿನಂತೆ ಗಟ್ಟಿಯಾಗುತ್ತದೆ. ಇಲ್ಲಿ ನೋವು ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ನೋವಿಲ್ಲವೆಂದು ಸಮಾಧಾನ ಪಡಬೇಡಿ. ನೋವು ತಿಳಿಸುವ ನರವೇ ಸುಟ್ಟುಹೋಗಿದೆ ಎಂದು ಅದರ ಅರ್ಥ. ಇದಕ್ಕೆ ಆಸ್ಪತ್ರೆಯೇ ಬೇಕು.

ಗಾಯದ ಅಗಲ ಅಳೆಯಲು ಸುಲಭ ಲೆಕ್ಕವಿದೆ. ರೋಗಿಯ ಬೆರಳು ಸೇರಿದ ಒಂದು ಅಂಗೈ ಎಂದರೆ ಅವರ ಮೈಯ ಸುಮಾರು 1 ಭಾಗ, ಅಂದರೆ ನೂರರಲ್ಲಿ ಒಂದು. ಮಗುವಿನ ಗಾಯವನ್ನು ಮಗುವಿನ ಅಂಗೈಯಿಂದಲೇ ಅಳೆಯಬೇಕು, ತಾಯಿಯ ಅಂಗೈಯಿಂದಲ್ಲ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಬರಬೇಕು?

* ಗಾಯ ರೋಗಿಯ ಅಂಗೈಗಿಂತ ದೊಡ್ಡದಿದ್ದರೆ.
* ಮುಖ, ಕಣ್ಣು, ಕತ್ತು, ಅಂಗೈ, ಪಾದ, ಗುಪ್ತಾಂಗ ಅಥವಾ ಕೀಲಿನ ಮೇಲೆ ಸುಟ್ಟಿದ್ದರೆ.
* ಕೈ, ಕಾಲು, ಬೆರಳಿನ ಸುತ್ತ ಬಳೆಯಂತೆ ಪೂರ್ತಿ ಸುಟ್ಟಿದ್ದರೆ.
* ಚರ್ಮ ಬೆಳ್ಳಗೆ ಅಥವಾ ಕಪ್ಪಾಗಿ ನೋವೇ ಇಲ್ಲದಿದ್ದರೆ.
* ವಿದ್ಯುತ್ತು, ಆಸಿಡ್, ಸುಣ್ಣದಿಂದ ಸುಟ್ಟಿದ್ದರೆ. ಗಾಯ ಎಷ್ಟೇ ಸಣ್ಣದಿರಲಿ.
* ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿದಿದ್ದರೆ, ದನಿ ಒಡೆದಿದ್ದರೆ, ಉಸಿರಿಗೆ ಕಷ್ಟವಾಗಿದ್ದರೆ.
* ಐದು ವರ್ಷದೊಳಗಿನ ಮಗು, ಮುದುಕರು, ಗರ್ಭಿಣಿ, ಸಕ್ಕರೆ ಕಾಯಿಲೆ ಇರುವವರು ಆಗಿದ್ದರೆ.

ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ವಾಹನ ಬರುವವರೆಗೆ ನೀರು ಹಾಕುತ್ತಲೇ ಇರಿ. ಗಾಯ ಹೇಗಾಯಿತು ಎಂಬುದನ್ನು ವೈದ್ಯರಿಗೆ ನಿಜ ಹೇಳಿ. ಎಣ್ಣೆಯೋ, ನೀರೋ, ಕರೆಂಟೋ ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಬೇರೆಯವರು ಸುಟ್ಟಿದ್ದರೆ ಹೆದರಿ ಮುಚ್ಚಿಡಬೇಡಿ. ಮಹಿಳೆಯರ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.

ಧನುರ್ವಾಯು ಚುಚ್ಚುಮದ್ದು ಕೊನೆಗೆ ಯಾವಾಗ ಆಗಿದೆ ಎಂದು ವೈದ್ಯರಿಗೆ ತಿಳಿಸಿ. ಜನ ಟಿ.ಟಿ. ಎಂದು ಕರೆಯುತ್ತಿದ್ದ ಈ ಚುಚ್ಚುಮದ್ದಿನ ಜಾಗದಲ್ಲಿ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಈಗ ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಕೊಡುತ್ತಾರೆ.

ಮನೆಯಲ್ಲಿ ಗಾಯದ ಆರೈಕೆ

ಅಂಗೈಗಿಂತ ಸಣ್ಣದಾದ, ಮೇಲೆ ಹೇಳಿದ ಯಾವ ಲಕ್ಷಣವೂ ಇಲ್ಲದ ಗಾಯವನ್ನು ಮನೆಯಲ್ಲಿ ನೋಡಿಕೊಳ್ಳಬಹುದು.

ಗುಳ್ಳೆ ಒಡೆಯಬೇಡಿ. ಗುಳ್ಳೆಯ ಚರ್ಮ ದೇಹವೇ ಕಟ್ಟಿಕೊಂಡ ಪಟ್ಟಿ. ತಾನಾಗಿ ಒಡೆದರೆ ಕುದಿಸಿ ಆರಿಸಿದ ನೀರು, ಮೆದು ಸಾಬೂನಿನಿಂದ ತೊಳೆದು, ಒರೆಸದೆ ಒತ್ತಿ ಒಣಗಿಸಿ. ಪೂರ್ತಿ ತಂಪಾದ ಸಣ್ಣ ಗಾಯಕ್ಕೆ ಮಾರನೆಯ ದಿನದಿಂದ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಗಾಜ್ ಬಟ್ಟೆ ಕಟ್ಟಬಹುದು. ಬಿಸಿ ಆರುವ ಮೊದಲು ಜಿಡ್ಡು ಬೇಡ ಎಂದದ್ದು ನೆನಪಿರಲಿ. ಪಟ್ಟಿಯನ್ನು ದಿನಕ್ಕೊಮ್ಮೆ, ಒದ್ದೆಯಾದರೆ ಕೂಡಲೇ ಬದಲಿಸಿ. ಕಟ್ಟುವ ಮೊದಲು ಕೈ ಸಾಬೂನಿನಿಂದ ತೊಳೆಯಿರಿ. ಬೆರಳುಗಳನ್ನು ಆಗಾಗ ಮಡಿಸಿ ಚಾಚುತ್ತಿರಬೇಕು, ಇಲ್ಲವಾದರೆ ಬಿಗಿಯುತ್ತವೆ.

ಊಟದ ಬಗ್ಗೆ ಒಂದು ಮಾತು. ಗಾಯವಾದಾಗ ಬೇಳೆ, ಶೇಂಗಾ, ಮೊಸರು ತಿಂದರೆ ಕೀವಾಗುತ್ತದೆ ಎಂದು ಪಥ್ಯ ಮಾಡಿಸುವ ರೂಢಿ ಹಲವು ಮನೆಗಳಲ್ಲಿದೆ. ಕೀವು ಆಗುವುದು ರೋಗಾಣುವಿನಿಂದ, ಊಟದಿಂದಲ್ಲ. ಹೊಸ ಚರ್ಮ ಕಟ್ಟಲು ದೇಹಕ್ಕೆ ಹೆಚ್ಚು ಪೌಷ್ಟಿಕ ಆಹಾರ ಬೇಕು. ಬೇಳೆ, ಹೆಸರುಕಾಳು, ಶೇಂಗಾ, ಹಾಲು, ಮೊಸರು, ಸೊಪ್ಪು, ನಿಂಬೆ, ನೆಲ್ಲಿ, ಪೇರಲ ಎಲ್ಲ ತಿನ್ನಬಹುದು. ವೈದ್ಯರು ಬೇರೆ ಕಾಯಿಲೆಗೆ ಹೇಳಿದ ಪಥ್ಯ ಮಾತ್ರ ಪಾಲಿಸಿ.

ಗಾಯದ ಸುತ್ತ ಕೆಂಪು ಹರಡಿದರೆ, ಕೀವು ಅಥವಾ ದುರ್ವಾಸನೆ ಬಂದರೆ, ನೋವು ಇಳಿಯದೆ ಏರಿದರೆ, ಜ್ವರ ಬಂದರೆ ಅಂದೇ ತೋರಿಸಿ. ಸಣ್ಣ ಗಾಯವಾದ ಮಗುವಿಗೆ ಮುಂದಿನ ಕೆಲವು ದಿನಗಳಲ್ಲಿ ಜ್ವರ, ಮೈಮೇಲೆ ಕೆಂಪು ದದ್ದು, ವಾಂತಿ, ಭೇದಿ, ಮಂಕು ಕಂಡರೆ ರಾತ್ರಿಯಾದರೂ ಕರೆತನ್ನಿ. ರೋಗಾಣುವಿನ ವಿಷ ರಕ್ತಕ್ಕೆ ಸೇರಿದ ಲಕ್ಷಣ ಅದಾಗಿರಬಹುದು. ಎರಡು ವಾರವಾದರೂ ಮಾಯದ ಗಾಯವನ್ನು ವೈದ್ಯರು ನೋಡಲೇಬೇಕು. ಮಾಯ್ದ ಮೇಲೆ ತುರಿಕೆ ಸಹಜ. ಚರ್ಮ ಪೂರ್ತಿ ಕೂಡಿದ ನಂತರ ಕೊಬ್ಬರಿ ಎಣ್ಣೆ ಸವರಬಹುದು. ಹೊಸ ಚರ್ಮವನ್ನು ಕೆಲವು ತಿಂಗಳು ಬಿಸಿಲಿನಿಂದ ಮರೆಮಾಡಿ.

ಕೆಲವು ವಿಶೇಷ ಸಂದರ್ಭಗಳು

ಬೆಲ್ಲದ ಪಾಕ: ಪಾಕ ಚರ್ಮಕ್ಕೆ ಅಂಟಿ ಸುಡುತ್ತಲೇ ಇರುತ್ತದೆ. ಕೆರೆದು ಕೀಳಬೇಡಿ. ನೀರು ಸುರಿಯುತ್ತ ಹೋದರೆ ಕರಗುತ್ತದೆ.

ಬಾಣಲೆಗೆ ಬೆಂಕಿ: ಉರಿಯುವ ಎಣ್ಣೆಗೆ ನೀರು ಹಾಕಲೇಬಾರದು, ಬೆಂಕಿ ಚಿಮ್ಮುತ್ತದೆ. ಗ್ಯಾಸ್ ಆರಿಸಿ ದೊಡ್ಡ ತಟ್ಟೆ ಮುಚ್ಚಿ. ಮೈಮೇಲೆ ಸಿಡಿದ ಬಿಸಿ ಎಣ್ಣೆಗೆ ಮಾತ್ರ ಯಥಾಪ್ರಕಾರ ನೀರು.

ಬಟ್ಟೆಗೆ ಬೆಂಕಿ: ಓಡಬೇಡಿ, ಓಡಿದರೆ ಗಾಳಿಗೆ ಬೆಂಕಿ ಏರುತ್ತದೆ. ನಿಂತಲ್ಲೇ ನೆಲಕ್ಕೆ ಮಲಗಿ ಉರುಳಿ. ನೋಡುವವರು ಕಂಬಳಿ ಅಥವಾ ದಪ್ಪ ಹತ್ತಿಯ ಹೊದಿಕೆ ಮುಚ್ಚಿ ಬೆಂಕಿ ಆರಿಸಿ, ಆಮೇಲೆ ನೀರು ಹಾಕಿ.

ಕಣ್ಣಿಗೆ ಸುಣ್ಣ: ಎಲೆ ಅಡಿಕೆಯ ಸುಣ್ಣದ ಡಬ್ಬಿ ಮಕ್ಕಳ ಕಣ್ಣಿಗೆ ದೊಡ್ಡ ಶತ್ರು. ಸುಣ್ಣ ಕಣ್ಣಿನೊಳಗೆ ಇಳಿದು ದೃಷ್ಟಿಯನ್ನೇ ತೆಗೆಯಬಹುದು. ರೆಪ್ಪೆ ಬಿಡಿಸಿ, ಸುಣ್ಣದ ಚೂರನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆದು, ಅರ್ಧ ಗಂಟೆ ನೀರು ಸುರಿಯಿರಿ. ಸುಣ್ಣದ ನೀರು ಇನ್ನೊಂದು ಕಣ್ಣಿಗೆ ಹರಿಯದಂತೆ ತಲೆ ವಾಲಿಸಿ. ಹರಳೆಣ್ಣೆ, ತುಪ್ಪ, ಎದೆಹಾಲು ಹಾಕಬೇಡಿ. ನೇರವಾಗಿ ಕಣ್ಣಿನ ವೈದ್ಯರ ಹತ್ತಿರ ಹೋಗಿ.

ವಿದ್ಯುತ್ತು: ಮೇನ್ ಸ್ವಿಚ್ ಆರಿಸುವ ಮೊದಲು ರೋಗಿಯನ್ನು ಮುಟ್ಟಬೇಡಿ. ಹೊರಗೆ ಚುಕ್ಕೆಯಷ್ಟೇ ಗಾಯ ಕಂಡರೂ ಒಳಗೆ ಸ್ನಾಯು, ಹೃದಯಕ್ಕೆ ಪೆಟ್ಟಾಗಿರಬಹುದು. ಇ.ಸಿ.ಜಿ. ಮಾಡಿಸಲೇಬೇಕು.

ಸುಡದಂತೆ ನೋಡಿಕೊಳ್ಳುವುದು

* ಪಾತ್ರೆಯ ಹಿಡಿಕೆ ಒಳಮುಖವಾಗಿರಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆ ಮಾಡಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಅಡುಗೆಗೆ ಹತ್ತಿಬಟ್ಟೆಯೇ ಒಳ್ಳೆಯದು.
* ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚಹಾ ಬೇಡ.
* ಮಗುವಿನ ಸ್ನಾನಕ್ಕೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊಣಕೈ ಅದ್ದಿ ನೋಡಿ.
* ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯದೇ ಇರಬಹುದು. ಬಿಸಿನೀರಿನ ಚೀಲ, ಕಾವು ಕೊಡುವುದು, ಬಿಸಿನೀರಲ್ಲಿ ಕಾಲಿಡುವುದು ಅವರಿಗೆ ಅಪಾಯ.
* ಮೂರ್ಛೆ ರೋಗ ಇರುವವರು ಒಬ್ಬರೇ ಒಲೆಯ ಮುಂದೆ ಕೂಡಬಾರದು.
* ಉರಿಯುವ ಸ್ಟೋವಿಗೆ ಸೀಮೆಎಣ್ಣೆ ಹಾಕಬೇಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು, ಕಿಟಕಿ ತೆರೆದು, ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ತಿಳಿಸಿ.
* ದೀಪಾವಳಿಯಲ್ಲಿ ಪಟಾಕಿಯ ಪಕ್ಕದಲ್ಲೇ ಒಂದು ಬಕೆಟ್ ನೀರಿರಲಿ.

ನೆನಪಿದೆಯೇ? ನೀವೇ ಪರೀಕ್ಷಿಸಿಕೊಳ್ಳಿ

ಪ್ರಶ್ನೆ: ಕೈಗೆ ಹಂಚು ತಾಗಿದರೆ ಮೊದಲ ಕೆಲಸ ಏನು?
ಉತ್ತರ: ತಣ್ಣೀರು, 20 ನಿಮಿಷ.

ಪ್ರಶ್ನೆ: ಸುಟ್ಟು ಒಂದು ಗಂಟೆಯಾಯಿತು, ಯಾರೂ ನೀರು ಹಾಕಿಲ್ಲ. ಈಗ ಹಾಕಿದರೆ ಉಪಯೋಗವೇ?
ಉತ್ತರ: ಉಪಯೋಗ. 3 ಗಂಟೆಯೊಳಗೆ ಹಾಕಬಹುದು.

ಪ್ರಶ್ನೆ: ಗಾಯ ಬೆಳ್ಳಗಿದೆ, ನೋವಿಲ್ಲ. ಸಣ್ಣ ಗಾಯವೇ?
ಉತ್ತರ: ಅಲ್ಲ. ಆಳಗಾಯ. ಆಸ್ಪತ್ರೆಗೆ ಬನ್ನಿ.

ಪ್ರಶ್ನೆ: ಅತ್ತೆಯವರು ತುಪ್ಪ ಹಚ್ಚಲು ಹೇಳಿದರೆ?
ಉತ್ತರ: ಅವರಿಗೂ ಈ ಪುಟ ಓದಿ ಹೇಳಿ. ತುಪ್ಪ ಊಟದ ಎಲೆಗೆ ಬರಲಿ.

ಈ ಹಾಳೆಯನ್ನು ಮನೆಗೆ ಒಯ್ದು ಅಡುಗೆಮನೆಯ ಗೋಡೆಗೆ ಅಂಟಿಸಿ. ಓದು ಬಾರದ ಹಿರಿಯರಿಗೂ, ಮನೆಯಲ್ಲಿ ಒಂಟಿಯಾಗಿರುವ ಮಕ್ಕಳಿಗೂ ಓದಿ ಹೇಳಿ. ಸುಟ್ಟ ಗಳಿಗೆಯಲ್ಲಿ ಯಾರಿಗೂ ಬೇರೇನೂ ನೆನಪಾಗದಿದ್ದರೂ ಒಂದು ಮಾತು ನೆನಪಾಗಲಿ: ಮೊದಲು ನೀರು. ನಿಮ್ಮೆಲ್ಲರ ಆರೋಗ್ಯ ಚೆನ್ನಾಗಿರಲಿ.